ರೈಲು ಎಂಜಿನ್ ಮಾದರಿ: ಕಣ್ಣಿಗೆ ಚೆಂದಕ್ಕೋ, ನಾಳೆಯ ದುಡ್ಡಿಗೋ?

ಶ್ರೀರಾಂಪುರ (ಹೊಸದುರ್ಗ ತಾ.): ಶ್ರೀರಾಂಪುರಕ್ಕೆ ರೈಲು ಹಳಿ ಇಲ್ಲ. ರೈಲು ಹತ್ತಬೇಕು ಅಂದ್ರೆ ಹೊಸದುರ್ಗ ರೋಡ್ ಸ್ಟೇಷನ್‌ಗೋ, ಬೀರೂರಿಗೋ ಹೋಗಬೇಕು. ಆದರೆ ಈಗ ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೆ ಎಂಜಿನ್ನೇ ಮನೆಗೆ ಬರುತ್ತದೆ. ಗಾತ್ರ ಮಾತ್ರ ಒಂದು ಗೇಣು!

ಷೋಕೇಸಿಗೆ ಒಂದು ತಂದಿಟ್ಟುಕೊಂಡರೆ ಯಾರದೂ ತಕರಾರಿಲ್ಲ. ತೊಂದರೆ ಶುರುವಾಗುವುದು "ಇದು ಲಿಮಿಟೆಡ್ ಎಡಿಷನ್, ಹತ್ತು ವರ್ಷ ಇಟ್ಟುಕೊಳ್ಳಿ, ಡಬಲ್ ಆಗುತ್ತೆ" ಎಂಬ ಮಾತಿಗೆ ಗಂಟು ಬಿಚ್ಚಿದಾಗ. ಈ ಮಾತಿನಲ್ಲಿ ಎಷ್ಟು ಹುರುಳಿದೆ? ಇಲ್ಲಿದೆ ವಿವರ.

ಆಟಿಕೆ ಬೇರೆ, ಮಾದರಿ ಬೇರೆ

ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ರೈಲು ಆಟಿಕೆ. ಮಾದರಿ ಎಂದರೆ ನಿಜವಾದ ಎಂಜಿನ್ನನ್ನು ಅಳತೆ ತಪ್ಪದೆ ಕುಗ್ಗಿಸಿದ್ದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ, ಅಂದರೆ 87ರಲ್ಲಿ ಒಂದು ಪಾಲು. ದಶಕಗಟ್ಟಲೆ ದೇಶದ ರೈಲುಗಳನ್ನು ಎಳೆದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಉದ್ದ ಸುಮಾರು 17 ಮೀಟರ್. ಎಚ್‌ಒ ಅಳತೆಯಲ್ಲಿ ಅದು 20 ಸೆಂಟಿಮೀಟರ್ ಆಗುತ್ತದೆ.

ಜರ್ಮನಿಯ ಮಾರ್ಕ್ಲಿನ್, ಇಂಗ್ಲೆಂಡಿನ ಹಾರ್ನ್‌ಬಿ ಈ ಕಸುಬಿನ ಹಳೆಯ ಹೆಸರುಗಳು. ವಿದೇಶದಿಂದ ತರಿಸಿದರೆ ಸುಂಕವೂ ಸೇರುತ್ತದೆ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತ್ತು. ತರಿಸುವ ಮುನ್ನ ಇವತ್ತಿನ ದರ ಎಷ್ಟೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಸುಂಕ ಕಟ್ಟಿದ್ದೀನಿ ಅಂತ ಮುಂದೆ ಕೊಳ್ಳುವವನು ಹೆಚ್ಚಿಗೆ ಕೊಡುವುದಿಲ್ಲ.

ಲೆಕ್ಕ ಹಾಕಿ ನೋಡಿ

ಒಬ್ಬರು 10,000 ರೂಪಾಯಿಗೆ ಎಂಜಿನ್ ಕೊಂಡರು ಎಂದುಕೊಳ್ಳಿ. ಅದೇ ದುಡ್ಡನ್ನು ವರ್ಷಕ್ಕೆ ಶೇ 7ರ ಚಕ್ರಬಡ್ಡಿಯಲ್ಲಿ ಬ್ಯಾಂಕಿನಲ್ಲಿ ಇಟ್ಟಿದ್ದರೆ ಹತ್ತು ವರ್ಷಕ್ಕೆ ಸುಮಾರು 19,670 ರೂಪಾಯಿ ಆಗುತ್ತದೆ. ಅಂದರೆ "ಡಬಲ್" ಆದರೂ ಬ್ಯಾಂಕಿನ ಬಡ್ಡಿಗೆ ಸಮ ಬಂತು, ಅಷ್ಟೇ. ಪ್ಯಾಕಿಂಗ್, ಕೊರಿಯರ್, ಮಾರಿಸಿಕೊಟ್ಟವರ ಕಮಿಷನ್ ಕಳೆದರೆ ಕೈಗೆ ಬರುವುದು ಇನ್ನೂ ಕಡಿಮೆ.

ಇನ್ನೊಂದು ಮುಖ್ಯ ಮಾತು. ಕೊಬ್ಬರಿಗೆ ತಿಪಟೂರು ಮಾರುಕಟ್ಟೆ ಇದೆ, ಬೆಳಿಗ್ಗೆ ಫೋನ್ ಮಾಡಿದರೆ ರೇಟು ಗೊತ್ತಾಗುತ್ತದೆ. ಬಂಗಾರವನ್ನು ಯಾವ ಊರಿನ ಅಂಗಡಿಯಲ್ಲೂ ತೂಗಿ ದುಡ್ಡು ಎಣಿಸುತ್ತಾರೆ. ಎಂಜಿನ್ ಮಾದರಿಗೆ ಅಂಥ ರೇಟು ಇಲ್ಲ. ಅದೇ ಬೇಕು ಅನ್ನುವ ಗಿರಾಕಿ ಸಿಕ್ಕರೆ ಬೆಲೆ, ಇಲ್ಲದಿದ್ದರೆ ಅಟ್ಟದ ಸಾಮಾನು.

ಬೆಲೆ ಯಾಕೆ ಏರುತ್ತೆ, ಯಾಕೆ ಬೀಳುತ್ತೆ?

ಏರುವುದಕ್ಕೆ ಮೂರು ಕಾರಣ: ಕಡಿಮೆ ಸಂಖ್ಯೆಯಲ್ಲಿ ತಯಾರಾಗಿರಬೇಕು, ಬಣ್ಣ ಕೆಡದೆ ಮೂಲ ಡಬ್ಬಿಯ ಸಮೇತ ಇರಬೇಕು, ಬೇಕು ಅನ್ನುವವರು ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಡುತ್ತದೆ.

ಬೀಳುವುದಕ್ಕೆ ದಾರಿ ಹಲವು. ಕಂಪನಿಯೇ ಅದೇ ಎಂಜಿನ್ನನ್ನು ಸದ್ದು, ದೀಪ ಸೇರಿಸಿ ಇನ್ನೂ ಚೆನ್ನಾಗಿ ಮಾಡಿ ಬಿಟ್ಟರೆ ಹಳೆಯದನ್ನು ಕೇಳುವವರು ಕಡಿಮೆ. ಲೋಹವೂ ಕೈಕೊಡುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಮಾದರಿಗಳ ಸತುವಿನ ಎರಕದಲ್ಲಿ ಸೀಸ ಬೆರೆತಿದ್ದರಿಂದ, ಇಟ್ಟಲ್ಲೇ ಉಬ್ಬಿ, ಬಿರುಕು ಬಿಟ್ಟು ಪುಡಿಯಾಗಿವೆ. ದೊಡ್ಡ ಹೆಸರು ಎಂಬುದೂ ಗ್ಯಾರಂಟಿ ಅಲ್ಲ. 1859ರಲ್ಲಿ ಶುರುವಾದ ಮಾರ್ಕ್ಲಿನ್ ಕಂಪನಿಯೇ 2009ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಆಮೇಲೆ ಬೇರೆಯವರ ಕೈಗೆ ಹೋಗಿ ಉಳಿದುಕೊಂಡಿತು.

ಎಲ್ಲಕ್ಕಿಂತ ದೊಡ್ಡ ಕಾರಣ ನೆನಪು. ಜನ ತಾವು ಚಿಕ್ಕಂದಿನಲ್ಲಿ ನೋಡಿದ ಎಂಜಿನ್ನನ್ನೇ ಹುಡುಕುತ್ತಾರೆ. ಬೀರೂರು–ಚಿಕ್ಕಜಾಜೂರು ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಹೊಗೆ ಉಗುಳುವ ಎಂಜಿನ್ ಕಂಡ ಹಿರಿಯರಿಗೆ ಅದರ ಮಾದರಿ ಕಂಡರೆ ಕಣ್ಣು ತುಂಬೀತು. ಮೊಮ್ಮಗನಿಗೆ ಅದು ಬರೀ ಕಪ್ಪು ಬೊಂಬೆ. ಆ ತಲೆಮಾರು ಸರಿದ ಹಾಗೆ ಗಿರಾಕಿಯೂ ಕಡಿಮೆಯಾಗುತ್ತಾರೆ.

ಹಾಗಾದರೆ ಕೊಳ್ಳಬಾರದೇ?

ಧಾರಾಳವಾಗಿ ಕೊಳ್ಳಬಹುದು, ಇಷ್ಟವಾಗಿದ್ದರೆ. ನಾಳೆ ನಯಾಪೈಸೆ ಬರದಿದ್ದರೂ ಬೇಸರ ಆಗಬಾರದು, ಅಷ್ಟು ದುಡ್ಡು ಮಾತ್ರ ಹಾಕಬೇಕು. ಮಗಳ ಕಾಲೇಜು ಫೀಸು, ಅಂಗಡಿಯ ಬಂಡವಾಳ ಇದಕ್ಕೆ ಸುರಿಯುವಂಥದ್ದಲ್ಲ. ಮೊದಲು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಒಮ್ಮೆ ಹೋಗಿಬಂದರೆ (1979ರಲ್ಲಿ ಶುರುವಾದದ್ದು) ನಿಜವಾದ ಹಳೆಯ ಎಂಜಿನ್ ನೋಡಿ ಯಾವುದು ಮನಸ್ಸಿಗೆ ಹಿಡಿಸುತ್ತದೆ ಎಂದು ಗೊತ್ತಾಗುತ್ತದೆ. ಬರೀ ಚೆಂದ ಸಾಕು ಎನ್ನುವವರಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲೂ ಇದೆ, ಮಕ್ಕಳು ಎಳೆದಾಡಲೂ ಬಹುದು.

ಇವು ನೆನಪಿರಲಿ

* ಡಬ್ಬಿ, ಬಿಲ್ಲು, ಒಳಗಿನ ಚೀಟಿ ಬಿಸಾಡಬೇಡಿ.
* ಬಿಸಿಲು, ತೇವ, ದೂಳು ತಾಗದ ಗಾಜಿನ ಕಪಾಟಿನಲ್ಲಿಡಿ. ಶೆಲ್ ಇದ್ದರೆ ತೆಗೆದಿಡಿ, ಸೋರಿದರೆ ಒಳಗೆಲ್ಲ ತುಕ್ಕು.
* ಅಜ್ಜನ ಕಾಲದ ತಗಡಿನ ರೈಲು ಸಿಕ್ಕರೆ ಉಜ್ಜಬೇಡಿ, ಬಣ್ಣ ಬಳಿಯಬೇಡಿ, ಗುಜರಿಗೆ ಹಾಕುವ ಮುನ್ನ ತಿಳಿದವರಿಗೆ ತೋರಿಸಿ.
* ಮಾರುವವರು ಕೇಳುವ ಬೆಲೆ ನಂಬಬೇಡಿ. ನಿಜವಾಗಿ ಮಾರಾಟವಾದ ಬೆಲೆ ಎಷ್ಟು ಅಂತ ನೋಡಿ.
* "ನಿಮ್ಮ ಹಳೆಯ ವಸ್ತುವಿಗೆ ಲಕ್ಷ ಕೊಡ್ತೀವಿ, ಮೊದಲು ಫೀಸು ಕಟ್ಟಿ" ಎಂದು ಫೋನ್ ಬಂದರೆ ಕಟ್ ಮಾಡಿ. ಹಳೆಯ ನಾಣ್ಯ, ನೋಟಿನ ಹೆಸರಲ್ಲಿ ಇದೇ ರೀತಿ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು.

ಕೊಳ್ಳುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ಯಾವತ್ತೂ ಮಾರಾಟವಾಗದೇ ಹೋದರೂ ಮನೆಯಲ್ಲಿ ಇರಲಿ ಅನ್ನಿಸುತ್ತಾ? ಹೌದು ಅಂದ್ರೆ ಕೊಟ್ಟ ದುಡ್ಡು ಅವತ್ತೇ ವಸೂಲಾದ ಹಾಗೆ. ಮುಂದೆ ಬೆಲೆ ಬಂದರೆ ಅದು ಮೇಲುಗಳಿಕೆ.