ಪರದೇಶದ ಉದ್ಯೋಗ: ಒಪ್ಪುವ ಮುನ್ನ

೧೮೯೩ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಇಪ್ಪತ್ತಮೂರು ವರ್ಷದ ತರುಣ ವಕೀಲರೊಬ್ಬರು ಮುಂಬಯಿ ಬಂದರಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಹಡಗನ್ನೇರಿದರು. ಅಲ್ಲಿಯ ಭಾರತೀಯ ವ್ಯಾಪಾರಿ ಸಂಸ್ಥೆಯೊಂದು ತನ್ನ ದಾವೆಯ ಕೆಲಸಕ್ಕಾಗಿ ಅವರನ್ನು ಕರೆಸಿಕೊಂಡಿತ್ತು. ಅವಧಿ ಒಂದು ವರ್ಷಕ್ಕೆ ಮೀರದು. ಹೋಗಿಬರುವ ಮೊದಲ ದರ್ಜೆಯ ಪ್ರಯಾಣವೆಚ್ಚ, ಊಟ ವಸತಿ, ಇವುಗಳ ಮೇಲೆ ೧೦೫ ಪೌಂಡುಗಳ ಸಂಭಾವನೆ. ಕರಾರು ಇಷ್ಟೇ. ಹೆಂಡತಿ ಮಕ್ಕಳು ಊರಿನಲ್ಲಿಯೇ ಉಳಿದರು. ಒಂದು ವರ್ಷಕ್ಕೆಂದು ಹೊರಟ ಆ ತರುಣರು, ನಡುನಡುವೆ ಬಂದುಹೋದುದನ್ನು ಬಿಟ್ಟರೆ, ನೆಲೆಯಾಗಿ ಸ್ವದೇಶಕ್ಕೆ ಮರಳಿದ್ದು ೧೯೧೫ರ ಜನವರಿ ೯ರಂದು. ಅವರೇ ಮೋಹನದಾಸ ಗಾಂಧಿಯವರು.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ಕರಾರಿನ ಮೇಲೆಯೂ ಜನ ಕಡಲು ದಾಟುತ್ತಿದ್ದರು. ೧೮೭೯ರಿಂದ ೧೯೧೬ರವರೆಗೆ ಸುಮಾರು ೬೦,೦೦೦ ಭಾರತೀಯ ಕೂಲಿಗಾರರು ಫಿಜಿ ದ್ವೀಪಗಳಿಗೆ ಹೋದರು. ‘ಅಗ್ರಿಮೆಂಟ್’ ಎಂಬ ಶಬ್ದ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ದುಡಿಮೆಯ ಕಟ್ಟು ಐದು ವರ್ಷದ್ದು. ಆದರೆ ಐದು ವರ್ಷ ಮುಗಿದೊಡನೆ ಹಿಂದಿರುಗಬೇಕೆನ್ನುವವನು ಹಡಗಿನ ವೆಚ್ಚವನ್ನು ತಾನೇ ತೆರಬೇಕು. ಸರಕಾರದ ವೆಚ್ಚದಲ್ಲಿ ಮರಳಬೇಕಾದರೆ ಹತ್ತು ವರ್ಷ ಅಲ್ಲಿರಬೇಕು. ಅವರಲ್ಲಿ ಅನೇಕರು ಮರಳಲೇ ಇಲ್ಲ.

ಈ ಎರಡು ನಿದರ್ಶನಗಳು ಎರಡು ಪ್ರಶ್ನೆಗಳನ್ನು ಎತ್ತುತ್ತವೆ. ಅವಧಿಯನ್ನು ನಿಜವಾಗಿ ನಿರ್ಧರಿಸುವವರಾರು? ಮರಳುವ ಹೊರೆಯನ್ನು ಹೊರುವವರಾರು? ಮೂರು ಅಥವಾ ಐದು ವರ್ಷಗಳ ಪರದೇಶದ ಉದ್ಯೋಗ ಇಂದು ಮನೆಬಾಗಿಲಿಗೆ ಬಂದಾಗ ಬಹುಮಂದಿ ಮೊದಲು ಕೇಳುವುದು ಸಂಬಳವನ್ನು. ಮೊದಲು ಕೇಳಬೇಕಾದುದು ಈ ಎರಡನ್ನು.

ಹೊರನಾಡ ಕನ್ನಡಿಗರ ಮನೆಗಳಲ್ಲಿ ಈ ವಿಷಯಕ್ಕೆ ಮತ್ತೊಂದು ಮುಖವುಂಟು. ತಂದೆ ಉಡುಪಿಯಿಂದಲೋ ಧಾರವಾಡದಿಂದಲೋ ಮುಂಬಯಿಗೆ ಬಂದವರು. ‘ನಾಲ್ಕು ಕಾಸು ಕೂಡಿಸಿ ಊರಿಗೆ ಮರಳುವೆ’ ಎಂದುಕೊಂಡೇ ಮೂವತ್ತು ವರ್ಷ ಕಳೆದವರು. ಮಕ್ಕಳಿಗೆ ಮುಂಬಯಿಯೇ ಊರು. ಈಗ ಆ ಮಕ್ಕಳಿಗೆ ದುಬೈ, ಜರ್ಮನಿ, ಅಮೆರಿಕಗಳಿಂದ ಕರೆ ಬಂದಿದೆ. ತಾತ್ಕಾಲಿಕವೆಂಬುದು ಹೇಗೆ ಶಾಶ್ವತವಾಗುತ್ತದೆ ಎಂಬುದನ್ನು ಆ ಮನೆ ಒಮ್ಮೆ ಕಂಡಿದೆ.

ಅವಧಿಯ ವಿಚಾರವನ್ನು ಮೊದಲು ತೆಗೆದುಕೊಳ್ಳಬಹುದು. ಕರಾರಿನಲ್ಲಿ ಬರೆದ ಅವಧಿ ಒಂದು. ವಿಸಾ ಕೊಡುವ ಅವಧಿ ಮತ್ತೊಂದು. ಅಮೆರಿಕದ ಎಚ್-೧ಬಿ ವಿಸಾ ಸಾಮಾನ್ಯವಾಗಿ ಮೂರು ವರ್ಷಕ್ಕೆ ದೊರೆತು ಆರು ವರ್ಷದವರೆಗೆ ಬೆಳೆಯಬಲ್ಲುದು. ಶಾಖೆಯಿಂದ ಶಾಖೆಗೆ ವರ್ಗವಾಗುವವರ ಎಲ್-೧ ವಿಸಾದಲ್ಲಿ ವಿಶೇಷಜ್ಞಾನಿಗಳಿಗೆ ಐದು, ವ್ಯವಸ್ಥಾಪಕರಿಗೆ ಏಳು ವರ್ಷಗಳ ಮಿತಿ. ಅದರ ಬಲದಿಂದ ಬೇರೆ ಧಣಿಯಲ್ಲಿ ದುಡಿಯುವಂತಿಲ್ಲ. ಎಚ್-೧ಬಿಯವನು ಧಣಿಯನ್ನು ಬದಲಾಯಿಸಬಹುದು; ಆದರೆ ಕೆಲಸ ಹೋದರೆ ಹೊಸ ಆಸರೆ ಹುಡುಕಲು ಅವನಿಗಿರುವುದು ಹೆಚ್ಚೆಂದರೆ ೬೦ ದಿನ. ಆದುದರಿಂದ ಐದು ವರ್ಷದ ಉದ್ಯೋಗವೆಂಬುದು ಕೆಲವೊಮ್ಮೆ ಎರಡೇ ತಿಂಗಳಲ್ಲಿ ಮನೆ ಖಾಲಿಮಾಡಬೇಕಾದ ಉದ್ಯೋಗವೂ ಆದೀತು. ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೋಗುವುದೋ, ಇಲ್ಲಿಯ ಹಕ್ಕನ್ನು ಉಳಿಸಿಕೊಂಡು ನಿಯೋಜನೆಯ ಮೇಲೆ ಹೋಗುವುದೋ ಎಂಬ ಭೇದ ಈ ದೃಷ್ಟಿಯಿಂದ ಬಹು ದೊಡ್ಡದು. ಮರಳಿ ಬಂದಾಗ ಯಾವ ಸ್ಥಾನ, ಸಂಸಾರಸಮೇತ ಮರಳುವ ವೆಚ್ಚ ಯಾರದು ಎಂಬುದು ಕರಾರಿನಲ್ಲಿ ಅಕ್ಷರರೂಪದಲ್ಲಿರಬೇಕು. ಬಾಯಿಮಾತಿನ ಭರವಸೆ, ಅದನ್ನಿತ್ತ ಅಧಿಕಾರಿ ವರ್ಗವಾದ ದಿನವೇ ಮುಗಿಯಿತು.

ಇನ್ನು ಹಣದ ಲೆಕ್ಕ. ಪರದೇಶದ ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ಸಂತೋಷಪಡುವುದು ಸುಲಭ. ಆದರೆ ಬಾಡಿಗೆ, ವೈದ್ಯವೆಚ್ಚ, ಶಾಲೆಯ ಶುಲ್ಕಗಳನ್ನು ಅಲ್ಲಿಯ ನಾಣ್ಯದಲ್ಲಿಯೇ ತೆರಬೇಕು. ಉಳಿಯುವುದೆಷ್ಟು ಎಂಬುದೇ ಲೆಕ್ಕ. ಸಂಯುಕ್ತ ಅರಬ್ ಎಮಿರೇಟುಗಳಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ; ಆದರೆ ಪರದೇಶೀಯನಿಗೆ ಸರಕಾರದ ನಿವೃತ್ತಿವೇತನವೂ ಇಲ್ಲ. ಒಂದು ವರ್ಷವಾದರೂ ಪೂರೈಸಿದವನಿಗೆ ಸೇವಾಂತ್ಯದ ಉಪದಾನವೆಂದು, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ೨೧ ದಿನದ, ಆಮೇಲೆ ೩೦ ದಿನದ ಮೂಲವೇತನ ಸಲ್ಲುತ್ತದೆ. ಸಂಬಳದಲ್ಲಿ ಮೂಲವೇತನದ ಪಾಲು ಚಿಕ್ಕದಾದರೆ ಈ ಉಪದಾನವೂ ಚಿಕ್ಕದೇ. ಅಮೆರಿಕದಲ್ಲಿ ಸಂಬಳದ ಶೇಕಡಾ ೬.೨ರಷ್ಟು ಸಾಮಾಜಿಕ ಭದ್ರತೆಗೆಂದು ಕಡಿತವಾಗುತ್ತದೆ. ನಿವೃತ್ತಿವೇತನದ ಹಕ್ಕು ಹುಟ್ಟುವುದು ಸುಮಾರು ಹತ್ತು ವರ್ಷದ ದುಡಿಮೆಯ ತರುವಾಯ. ಐದು ವರ್ಷಕ್ಕೆ ಮರಳುವವನ ಪಾಲಿಗೆ ಆ ಹಣ ಹರಿದುಹೋದ ನೀರು. ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಜಪಾನ್ ಮೊದಲಾದ ದೇಶಗಳೊಡನೆ ಭಾರತವು ಈ ಬಗ್ಗೆ ಒಪ್ಪಂದ ಮಾಡಿಕೊಂಡಿದೆ. ಬೆಲ್ಜಿಯಂ ಒಪ್ಪಂದ ಜಾರಿಗೆ ಬಂದುದು ೨೦೦೯ರಲ್ಲಿ, ಜಪಾನಿನದು ೨೦೧೬ರಲ್ಲಿ. ಇಲ್ಲಿಯ ಸಂಸ್ಥೆ ನಿಯೋಜಿಸಿ ಕಳುಹಿಸಿದವನು ಭವಿಷ್ಯನಿಧಿ ಕಾರ್ಯಾಲಯದ ಪ್ರಮಾಣಪತ್ರವನ್ನು ಒಯ್ದರೆ, ನಿಗದಿಯಾದ ಕಾಲದವರೆಗೆ ಅಲ್ಲಿ ಮತ್ತೊಮ್ಮೆ ವಂತಿಗೆ ತೆರಬೇಕಾಗಿಲ್ಲ. ಈ ಪತ್ರವನ್ನು ಹೊರಡುವ ಮುನ್ನವೇ ಪಡೆಯುವುದು ಕ್ಷೇಮ.

ಸ್ವದೇಶದಲ್ಲಿರುವ ಆಸ್ತಿಯ ವಿಷಯವನ್ನೂ ಮರೆಯಲಾಗದು. ಅನಿವಾಸಿಯಾದವನು ಇಲ್ಲಿಯ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಾಯಿಸಬೇಕು. ಪಿತ್ರಾರ್ಜಿತ ಹೊಲವನ್ನು ಉಳಿಸಿಕೊಳ್ಳಬಹುದು. ಆದರೆ ಅನಿವಾಸಿಯಾಗಿರುವಷ್ಟು ಕಾಲ ಕೃಷಿಭೂಮಿಯನ್ನು ಹೊಸದಾಗಿ ಕೊಳ್ಳಲು ಸಾಮಾನ್ಯವಾಗಿ ಅವಕಾಶವಿಲ್ಲ. ಊರಿನಲ್ಲಿ ಅಡಕೆ ತೋಟ ಕೊಳ್ಳುವ ಆಸೆಯಿಂದ ಹಣ ಗಳಿಸಹೊರಟವನು ಇದನ್ನು ತಿಳಿದಿರಬೇಕು.

ಸಂಸಾರದ ಪ್ರಶ್ನೆ ಹಣದ ಪ್ರಶ್ನೆಗಿಂತ ಕಠಿನವಾದುದು. ಕರೆ ಬರುವುದು ಒಬ್ಬರಿಗೆ. ಹೋಗಬೇಕಾದವರು ಮೂವರೋ ನಾಲ್ವರೋ. ಹೆಂಡತಿಯೋ ಗಂಡನೋ ಇಲ್ಲಿ ಬ್ಯಾಂಕಿನಲ್ಲಿಯೋ ಕಾಲೇಜಿನಲ್ಲಿಯೋ ದುಡಿಯುತ್ತಿದ್ದರೆ ಆ ವೃತ್ತಿಯ ಗತಿಯೇನು? ಅಮೆರಿಕದಲ್ಲಿ ಎಚ್-೧ಬಿಯವರ ಸಂಗಾತಿಗೆ ಬಹುಕಾಲ ದುಡಿಯುವ ಹಕ್ಕೇ ಇರಲಿಲ್ಲ. ೨೦೧೫ರಲ್ಲಿ ಅದು ದೊರೆತುದು ಶಾಶ್ವತ ನಿವಾಸದ ಹಾದಿಯಲ್ಲಿ ಸಾಕಷ್ಟು ಮುಂದುವರಿದವರ ಸಂಗಾತಿಗಳಿಗೆ ಮಾತ್ರ. ಜರ್ಮನಿಯಲ್ಲಿ ನೀಲಿಪತ್ರದ ಮೇಲೆ ಹೋದವರ ಸಂಗಾತಿಗೆ ಕಾನೂನಿನ ಅಡ್ಡಿಯಿಲ್ಲ, ಭಾಷೆಯ ಅಡ್ಡಿಯಿದೆ. ಐದು ವರ್ಷ ಸುಮ್ಮನೆ ಕುಳಿತ ವಿದ್ಯಾವಂತರ ಬೇಸರ ಯಾವ ಸಂಬಳಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಮಕ್ಕಳ ವಿಷಯದಲ್ಲಿ ವಯಸ್ಸೇ ಮುಖ್ಯ. ಐದು ವರ್ಷದ ಮಗು ಹೊಸ ನೆಲದಲ್ಲಿ ಬೇಗ ಬೇರು ಬಿಡುತ್ತದೆ; ಮರಳುವಾಗ ಹತ್ತು ವರ್ಷದ ಮಗುವಾಗಿ ಆ ಬೇರನ್ನು ಕಿತ್ತುಕೊಂಡು ಬರಬೇಕು. ಒಂಬತ್ತನೆಯ ತರಗತಿಯ ಹುಡುಗನ ಕಷ್ಟ ಬೇರೆ. ಕೊಲ್ಲಿ ದೇಶಗಳಲ್ಲಿ ನಮ್ಮ ಕೇಂದ್ರೀಯ ಮಂಡಲಿಯ ಪಠ್ಯಕ್ರಮದ ಶಾಲೆಗಳುಂಟು. ಯುರೋಪು ಅಮೆರಿಕಗಳಲ್ಲಿ ಆ ಅನುಕೂಲ ವಿರಳ. ಅಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕಾದರೆ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು. ಕನ್ನಡದ ಮಾತನ್ನಂತೂ ಬೇರೆ ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ಅಜ್ಜಿಯ ಬಾಯಿಂದ ಕೇಳಿ ಕಲಿಯುವ ನುಡಿಯನ್ನು ಅಲ್ಲಿ ತಂದೆತಾಯಿಗಳಿಬ್ಬರೇ ಕಲಿಸಬೇಕು.

ಕೊನೆಗೆ ಉಳಿಯುವುದು ವೃದ್ಧ ತಂದೆತಾಯಿಗಳ ಮಾತು. ಕೇಳಿದರೆ ‘ಹೋಗಿ ಬಾ’ ಎಂದೇ ಅವರೆನ್ನುವರು. ಆ ಮಾತು ಒಪ್ಪಿಗೆಯೋ ತ್ಯಾಗವೋ ಎಂಬುದನ್ನು ತಿಳಿಯಬೇಕಾದವರು ಮಕ್ಕಳು. ಕೇವಲ ‘ನೋಡಿಕೊಳ್ಳುವವರು ಇದ್ದಾರೆ’ ಎಂದರೆ ಸಾಲದು. ನಡುರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಒಯ್ಯುವವರ ಹೆಸರು, ಬ್ಯಾಂಕಿನ ವ್ಯವಹಾರಕ್ಕೆ ಮುಖತ್ಯಾರು ಪತ್ರ, ಆರೋಗ್ಯವಿಮೆ, ತಟ್ಟನೆ ಹೊರಟು ಬರಲು ತೆಗೆದಿರಿಸಿದ ಹಣ, ಅಷ್ಟು ರಜೆ ಕೊಡುವ ಕರಾರು, ಇವಿಷ್ಟೂ ಸಿದ್ಧವಾಗಿರಬೇಕು. ಇವೆಲ್ಲ ಸಿದ್ಧವಿದ್ದೂ ಕೊನೆಯ ಗಳಿಗೆಗೆ ಮುಟ್ಟಲಾಗದೆ ಹೋಗಬಹುದು. ಅದನ್ನು ತಿಳಿದೇ ಹೋಗಬೇಕು.

ಇಷ್ಟೆಲ್ಲ ಹೇಳಿದುದು ಹೋಗಕೂಡದೆಂದಲ್ಲ. ಊರ ಸಾಲ ತೀರಿದುದು, ತಂಗಿಯರ ಮದುವೆಯಾದುದು, ಮಂಗಳೂರು ಉಡುಪಿಗಳ ಸುತ್ತ ಹೆಂಚಿನ ಮನೆಗಳು ತಾರಸಿಯ ಮನೆಗಳಾದುದು ಕೊಲ್ಲಿಯ ದುಡಿಮೆಯಿಂದಲೂ ಹೌದು. ಹೊಸ ವಿದ್ಯೆ, ಹೊಸ ಶಿಸ್ತು, ಅನ್ಯರ ನಡುವೆ ನಿಂತು ತನ್ನನ್ನು ಅರಿಯುವ ಅವಕಾಶ ಇವೂ ಸಣ್ಣ ಲಾಭಗಳಲ್ಲ. ಆದರೆ ಹೋಗುವವರು ಹೊರಡುವ ಮುನ್ನವೇ ಮೂರು ಸಂಗತಿಗಳನ್ನು ಮನೆಮಂದಿಯೆಲ್ಲ ಕುಳಿತು ಕಾಗದದ ಮೇಲೆ ಬರೆದಿಡುವುದು ಲೇಸು: ಏತಕ್ಕಾಗಿ ಹೋಗುವುದು, ಎಷ್ಟು ಕೂಡಿದರೆ ಸಾಕು, ಏನು ಸಂಭವಿಸಿದರೆ ಅವಧಿಗೆ ಮುನ್ನವೇ ಮರಳುವುದು. ವರ್ಷಕ್ಕೊಮ್ಮೆ ಆ ಕಾಗದವನ್ನು ತೆರೆದು ಓದಬೇಕು. ಅವಧಿಯನ್ನು ಹೆಚ್ಚಿಸಲೂಬಹುದು; ಆದರೆ ಅದನ್ನು ಮನೆಮಂದಿ ಕೂಡಿ ಹೆಚ್ಚಿಸಬೇಕೇ ಹೊರತು ಅದು ತಾನಾಗಿ ಹೆಚ್ಚಬಾರದು. ಹೋದವನು ಮರಳದೆ ಇರುವುದು ದೋಷವಲ್ಲ. ಮರಳುವುದೋ ಇಲ್ಲವೋ ಎಂಬುದನ್ನು ನಿರ್ಧರಿಸದೆಯೇ ಆಯುಸ್ಸು ಕಳೆದುಹೋಗುವುದು ದೋಷ.