ಒಂದು ಸಭೆ, ಹಲವು ಬಗೆಯ ಕಥೆಗಳು: ದೂರದರ್ಶನದ ‘ಮಹಾಭಾರತ’ವನ್ನು ಕುರಿತು

ಬಿ. ಆರ್. ಚೋಪ್ರಾ ಅವರು ನಿರ್ಮಿಸಿ, ಮಗ ರವಿ ಚೋಪ್ರಾ ಅವರೊಡನೆ ನಿರ್ದೇಶಿಸಿದ ‘ಮಹಾಭಾರತ’ ಹಿಂದಿ ಧಾರಾವಾಹಿಯು 1988ರಿಂದ 1990ರವರೆಗೆ ಭಾನುವಾರದ ಬೆಳಗಿನಲ್ಲಿ 94 ಕಂತುಗಳಾಗಿ ದೂರದರ್ಶನದಲ್ಲಿ ಪ್ರಸಾರವಾಯಿತು. ಸಂಭಾಷಣೆ ರಾಹಿ ಮಾಸೂಮ್ ರಜಾ ಅವರದು. ಅದರ ಕಥನಕ್ರಮದಲ್ಲಿ ವಿಚಾರಾರ್ಹವಾದ ಒಂದು ವಿಶೇಷವಿದೆ. ಅಲ್ಲಿನ ಪಾತ್ರಗಳೆಲ್ಲ ಒಂದೇ ಕಥೆಯೊಳಗಿದ್ದರೂ ಒಂದೇ ಪ್ರಕಾರದ ಕಥೆಯೊಳಗಿಲ್ಲ.

ನಮ್ಮ ಪ್ರಾಚೀನ ಕವಿಗಳು ಹೀಗೆ ಮಾಡಿದವರಲ್ಲ. ಪಂಪನು ಅರ್ಜುನನನ್ನು ನಾಯಕನನ್ನಾಗಿಸಿ ಇಡೀ ಭಾರತವನ್ನು ವೀರಕಥೆಯಾಗಿಸಿದ; ಕುಮಾರವ್ಯಾಸನಿಗೆ ಅದು ಕೃಷ್ಣಕಥೆ. ರನ್ನನು ಭೀಮನ ವಿಜಯವನ್ನು ಹೇಳಹೊರಟರೂ ಓದುಗರ ಮನಸ್ಸು ದುರ್ಯೋಧನನ ಕಡೆಗೆ ವಾಲುವುದುಂಟು, ಬಿ. ಎಂ. ಶ್ರೀ. ಅವರು ರನ್ನನ ಕಾವ್ಯವನ್ನು ನಾಟಕವಾಗಿಸಿದ್ದೂ ಆ ಬಿರುಕನ್ನು ಹಿಡಿದೇ. ವಾರವಾರವೂ ಹಲವು ಪಾತ್ರಗಳನ್ನು ಪೋಷಿಸಬೇಕಾದ ಧಾರಾವಾಹಿಗೆ ಇಂಥ ಏಕನಿಷ್ಠೆ ಒಗ್ಗುವುದಿಲ್ಲ.

ದ್ಯೂತಸಭೆಯನ್ನೇ ಪರಿಶೀಲಿಸಬಹುದು. ದಾಳಗಳನ್ನು ಅಂಗೈಯಲ್ಲಿ ಉಜ್ಜುವ ಶಕುನಿಗೆ ಅದು ತಂತ್ರದ ಕಥೆ, ತುಸು ಪ್ರಹಸನವೂ ಹೌದು. ದುರ್ಯೋಧನನಿಗೆ ಮಯಸಭೆಯ ಅಪಮಾನದ ಸೇಡು. ಕರ್ಣನಿಗೆ ಸ್ನೇಹದ ಋಣ. ಆ ಋಣದ ಕಥೆಯಲ್ಲಿ ಎದುರಿಗಿರುವ ಹೆಣ್ಣಿಗೆ ಸ್ಥಾನವೇ ಇಲ್ಲ. ಧರ್ಮರಾಯನು ಕರೆ ಬಂದರೆ ಹಿಂದೆಗೆಯಬಾರದೆಂಬ ಕ್ಷತ್ರಿಯವ್ರತವನ್ನು ಪಾಲಿಸುತ್ತಿದ್ದಾನೆ. ಒಬ್ಬನು ವ್ರತದಲ್ಲಿ, ಇನ್ನೊಬ್ಬನು ವಂಚನೆಯಲ್ಲಿ ತೊಡಗಿರುವಾಗ ಸೋಲು ಯಾರದೆಂದು ಹೇಳಬೇಕಾಗಿಲ್ಲ. ಭೀಷ್ಮನದು ರುದ್ರನಾಟಕ: ಯೌವನದಲ್ಲಿ ತೊಟ್ಟ ಪ್ರತಿಜ್ಞೆಯೇ ಮುಪ್ಪಿನಲ್ಲಿ ಅವನ ಕೈಗಳನ್ನು ಕಟ್ಟಿದೆ.

ಇದನ್ನು ರಸಭೇದವೆಂದು ಕರೆದು ಮುಗಿಸುವಂತಿಲ್ಲ. ರಸದ ನೆಲೆ ಸಹೃದಯ. ಇಲ್ಲಿರುವುದು ತಾನು ಎಂಥ ಕಥೆಯೊಳಗಿದ್ದೇನೆಂಬ ಪಾತ್ರದ ತಿಳಿವಳಿಕೆ. ಆ ತಿಳಿವಳಿಕೆಗಳ ಘರ್ಷಣೆಯನ್ನು ಪರದೆಯ ಮೇಲೆ ತೋರಿಸುವುದು ಕ್ಲೋಸ್-ಅಪ್. ಒಂದು ಮಾತು ಹೊರಟೊಡನೆ ಕ್ಯಾಮೆರಾ ಮುಖದಿಂದ ಮುಖಕ್ಕೆ ಜಿಗಿಯುತ್ತದೆ. ಒಂದೇ ಮಾತು ಒಂದು ಮುಖದಲ್ಲಿ ಗೆಲವಾಗಿ, ಇನ್ನೊಂದರಲ್ಲಿ ನಾಚಿಕೆಯಾಗಿ ಕಾಣುತ್ತದೆ. ಕುರುಡ ಧೃತರಾಷ್ಟ್ರನಿಗೆ ಮಾತ್ರ ಇದೆಲ್ಲ ಬರಿಯ ಶ್ರವ್ಯ. ವ್ಯಾಸಭಾರತದಲ್ಲಂತೂ ಅವನು ‘ಗೆದ್ದೆವೆ?’ ಎಂದು ಮತ್ತೆ ಮತ್ತೆ ಕೇಳುತ್ತಾನೆ.

ದ್ರೌಪದಿಯದು ನ್ಯಾಯಸ್ಥಾನದ ಕಥೆ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣವಿಡುವ ಅಧಿಕಾರವಿತ್ತೇ ಎಂಬ ಅವಳ ಪ್ರಶ್ನೆ ತೀರ್ಪನ್ನು ಬೇಡುತ್ತದೆ. ಆದರೆ ಅವಳು ವಾದಿಸುವುದು ನ್ಯಾಯಾಧೀಶರಿಲ್ಲದ ನ್ಯಾಯಾಲಯದಲ್ಲಿ. ವಿಕರ್ಣನೊಬ್ಬನ ಹೊರತು ಅವಳ ಮಾತನ್ನು ಅದು ಹುಟ್ಟಿದ ಪ್ರಕಾರದಲ್ಲಿಯೇ ಕೇಳಿಸಿಕೊಂಡವರಿಲ್ಲ. ಈ ಸನ್ನಿವೇಶದ ಕ್ರೌರ್ಯ ಸೀರೆಯ ಸೆಳೆತದಲ್ಲಿರುವಷ್ಟೇ ಈ ಕೇಳದಿರುವಿಕೆಯಲ್ಲಿಯೂ ಇದೆ.

ಆಮೇಲೆ ಕೃಷ್ಣನ ಪವಾಡ. ತೆರೆಯ ಮೇಲೆ ಮುಗಿಯದ ವಸ್ತ್ರದ ಅದ್ಭುತ ಎಷ್ಟು ಪ್ರಬಲವೆಂದರೆ ನ್ಯಾಯದ ಕಥೆ ಭಕ್ತಿಕಥೆಯೊಳಗೆ ಅಡಗಿಹೋಗುತ್ತದೆ. ನೋಡುಗನಿಗೆ ಪ್ರಶ್ನೆ ಬಗೆಹರಿದಂತೆ ಭಾಸವಾಗುತ್ತದೆ. ಇದು ಧಾರಾವಾಹಿಯ ದೌರ್ಬಲ್ಯವೆಂದೇ ಹೇಳಬೇಕು. ಎಲ್ಲ ಪ್ರಕಾರಗಳಿಗೂ ಎಡೆಗೊಟ್ಟು ಕೊನೆಗೆ ಒಂದಕ್ಕೇ ಅದು ಶರಣಾಯಿತು. ವ್ಯಾಸಭಾರತದಲ್ಲಿ ವಸ್ತ್ರ ಬೆಳೆದ ಬಳಿಕವೂ ಆ ಪ್ರಶ್ನೆ ಸಭೆಯಲ್ಲಿ ಹಾಗೆಯೇ ನಿಂತಿರುತ್ತದೆ. ಅಪಶಕುನಗಳಿಗೆ ಬೆದರಿದ ಧೃತರಾಷ್ಟ್ರ ವರ ಕೊಡುತ್ತಾನೆ; ದ್ರೌಪದಿ ಎರಡರಿಂದ ಗಂಡಂದಿರನ್ನು ಬಿಡಿಸಿಕೊಂಡು ಮೂರನೆಯದನ್ನು ನಿರಾಕರಿಸುತ್ತಾಳೆ. ತೀರ್ಪನ್ನು ಯಾರೂ ಹೇಳುವುದಿಲ್ಲ.