ಖಣ ಉಳಿಯಿತು, ಕುಬಸದ ಹೊಲಿಗೆಯೂ ಉಳಿಯಲಿ

ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಉಡುಗೆಯನ್ನು ಬಾಗಲಕೋಟೆ ಜಿಲ್ಲೆಯ ಎರಡು ಊರುಗಳು ಹಂಚಿಕೊಂಡಿವೆ. ಹಿಂದೆ ಹುನಗುಂದ ತಾಲ್ಲೂಕಿನಲ್ಲಿದ್ದ ಇಳಕಲ್ ಸೀರೆ ಕೊಟ್ಟಿತು; ಬಾದಾಮಿ ತಾಲ್ಲೂಕಿನಲ್ಲಿದ್ದ ಗುಳೇದಗುಡ್ಡ ಕುಬಸಕ್ಕೆ, ಅಂದರೆ ರವಿಕೆಗೆ, ಖಣ ಕೊಟ್ಟಿತು. ಟೋಪು ತೆನಿ ಸೆರಗಿನ ಸೀರೆಯ ಬಗ್ಗೆ ಬರೆದವರು ಬಹಳ ಮಂದಿ. ಮೈಗೆ ಅಂಟಿಕೊಂಡು ಒಳಉಡುಪಿನ ಕೆಲಸವನ್ನೂ ಮಾಡುತ್ತಿದ್ದ ಕುಬಸದ ಹೊಲಿಗೆಗೆ ಆ ಭಾಗ್ಯ ಸಿಕ್ಕಿಲ್ಲ.

ಖಣವೆಂದರೆ ಎರಡೂ ಬದಿ ಅಂಚಿರುವ, ಸುಮಾರು 30 ಅಂಗುಲ ಅಗಲದ ಬಟ್ಟೆ. ಕುಣಿಮಗ್ಗದಲ್ಲಿ ನೇಯುವಾಗ ಹಾಸಿನ ಹೆಚ್ಚುವರಿ ಎಳೆಗಳೇ ಎದ್ದು ತೇರು, ತೊಟ್ಟಿಲು, ಆನೆಹೆಜ್ಜೆಯಂಥ ಚಿತ್ತಾರಗಳಾಗುತ್ತವೆ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಎಲೆ ಅಡಿಕೆಯ ಜೊತೆ ಖಣ ಇರಲೇಬೇಕು. ಬಸುರಿಯ ಕುಬಸದ ಕಾರ್ಯವಂತೂ ಖಣವಿಲ್ಲದೆ ನಡೆಯುವುದಿಲ್ಲ.

ಹೊಲಿಗೆಯ ಜಾಣ್ಮೆ ಇರುವುದು ಕತ್ತರಿಯಲ್ಲಿ. ಬಟ್ಟೆ ತುಟ್ಟಿ, ಹಾಗಾಗಿ ಚೂರೂ ಹಾಳಾಗಬಾರದು. ಅಂಚು ತೋಳಿನ ತುದಿಗೂ ಕೆಳಗಿನ ಪಟ್ಟಿಗೂ ಬರುವಂತೆ ಲೆಕ್ಕ ಹಾಕಬೇಕು. ಎದೆಯ ಭಾಗಕ್ಕೆ ತುಂಡುಗಳನ್ನು ಓರೆಯಾಗಿ ಕತ್ತರಿಸಿ ಕೂಡಿಸಿದರೆ ಬಟ್ಟೆ ತುಸು ಹಿಗ್ಗಿ ಮೈಯ ಆಕಾರಕ್ಕೆ ಒಗ್ಗುತ್ತದೆ. ಕಂಕುಳಲ್ಲಿ ಸೇರಿಸುವ ಚಿಕ್ಕ ತುಂಡಿನಿಂದಾಗಿ ಬೀಸುವಾಗ, ಕುಟ್ಟುವಾಗ, ಕಳೆ ಕೀಳುವಾಗ ತೋಳು ಎತ್ತಿದರೂ ಹೊಲಿಗೆ ಬಿಚ್ಚುವುದಿಲ್ಲ. ಮುಂದೆ ಗುಂಡಿಯಿಲ್ಲ, ಬರೀ ಗಂಟು. ಬಸಿರು ಬಾಣಂತನದಲ್ಲಿ ಮೈ ಬದಲಾದಂತೆ ಗಂಟನ್ನು ಸಡಿಲಿಸಿದರಾಯಿತು.

ಕುಬಸ ಮಾಡುತ್ತಿದ್ದ ಒಳಉಡುಪಿನ ಕೆಲಸಕ್ಕೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಕಾರ್ಸೆಟ್ ಇತ್ತು. ತಿಮಿಂಗಿಲದ ಬಾಯೊಳಗಿನ ಪಟ್ಟಿಗಳನ್ನೋ ಉಕ್ಕಿನ ಪಟ್ಟಿಗಳನ್ನೋ ಸೇರಿಸಿ ಹೊಲಿದು, ಬೆನ್ನ ಹಿಂದೆ ದಾರದಿಂದ ಬಿಗಿಯುತ್ತಿದ್ದರು. ಅದರೊಳಗೆ ತೊಡುತ್ತಿದ್ದ ಹಳೆಯ ಬಗೆಯ ಶೆಮೀಸಿನ ಕಂಕುಳಲ್ಲೂ ಚೌಕದ ತುಂಡೊಂದು ಇರುತ್ತಿತ್ತು. ಅಲ್ಲಿಯೂ ಬಟ್ಟೆ ಉಳಿಸುವ, ತೋಳಿಗೆ ಜಾಗ ಕೊಡುವ ಲೆಕ್ಕವೇ. ಆದರೆ ಕಾರ್ಸೆಟ್ ಮೈಯನ್ನು ತನ್ನ ಆಕಾರಕ್ಕೆ ತಂದುಕೊಂಡರೆ ಕುಬಸ ತಾನೇ ಮೈಯ ಆಕಾರಕ್ಕೆ ಬರುತ್ತಿತ್ತು. ಆ ರಾಣಿಯ ಕಾಲದಲ್ಲೇ, 1851ರಲ್ಲಿ, ಯುರೋಪಿನ ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಶನ್ ಗುಳೇದಗುಡ್ಡದಲ್ಲಿ ನೆಲೆಯೂರಿತು. ಯುರೋಪಿನ ಉಡುಗೆ ಊರಿನ ಕಣ್ಣಿಗೆ ಬಿದ್ದರೂ ಕುಬಸ ಮುಂದೆ ಬಹುಕಾಲ ಬಾಳಿತು. ಅದನ್ನು ಪಕ್ಕಕ್ಕೆ ಸರಿಸಿದ್ದು ಕೊಕ್ಕೆಯ ಬ್ಲೌಸು ಮತ್ತು ಅಂಗಡಿಯ ಬ್ರಾ.

ಖಣಕ್ಕೆ ಈಗ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ವಿದ್ಯುತ್ ಮಗ್ಗದ ಪೈಪೋಟಿಯ ನಡುವೆಯೂ ಅದು ಸೀರೆ, ಚೀಲ, ದಿಂಬಿನ ಚೀಲಗಳಾಗಿ ಹೊಸ ಗಿರಾಕಿಗಳನ್ನು ಕಂಡುಕೊಂಡಿದೆ. ಕುಬಸದ ಅಳತೆ ಮಾತ್ರ ಹೊಲಿಯುವವರ ಕೈಯಲ್ಲೇ ಉಳಿದು, ಅವರೊಂದಿಗೇ ಹೋಗುತ್ತಿದೆ. ಇಂಗ್ಲೆಂಡಿನಲ್ಲಿ ನೋರಾ ವಾ ಅವರು 1954ರಲ್ಲಿ ‘ಕಾರ್ಸೆಟ್ಸ್ ಅಂಡ್ ಕ್ರಿನೊಲೈನ್ಸ್’ ಪುಸ್ತಕದಲ್ಲಿ ಹಳೆಯ ಉಡುಪುಗಳ ಕತ್ತರಿ ನಕ್ಷೆಗಳನ್ನು ಅಚ್ಚು ಹಾಕಿಸಿದರು. ಅಂಥ ನಕ್ಷೆಗಳಿರುವುದರಿಂದಲೇ ಅಲ್ಲಿನ ಹವ್ಯಾಸಿಗಳು ಇಂದಿಗೂ ನೂರೈವತ್ತು ವರ್ಷದ ಹಿಂದಿನ ಕಾರ್ಸೆಟ್ ಹೊಲಿದು ತೊಡುತ್ತಾರೆ.

ನಮಗೂ ಇದು ದೊಡ್ಡ ಕೆಲಸವೇನಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಕುಬಸ ಇದ್ದರೆ ಬಿಚ್ಚಬೇಡಿ. ಹಳೆಯ ಪತ್ರಿಕೆಯ ಮೇಲೆ ಹರವಿ ತುಂಡು ತುಂಡಾಗಿ ಅಳೆದು ಗೆರೆ ಎಳೆಯಿರಿ, ಯಾವ ಊರಿನದೆಂದು ಬರೆಯಿರಿ. ಹೊಲಿಯಬಲ್ಲ ಅಜ್ಜಿ ಇನ್ನೂ ಇದ್ದರೆ, ಈ ವಾರವೇ ಒಂದು ಖಣ ಕೊಂಡು ಅವರ ಮುಂದಿಡಿ.